ದಾಳಿಂಬದ ಹೊಂಡ ಮತ್ತು ಪರದೇಶದ ಪರಿಣತ

ಗಡಿ

ವಿದೇಶ ಪ್ರವಾಸವು ಮನುಷ್ಯನ ದೃಷ್ಟಿಯನ್ನು ವಿಶಾಲಗೊಳಿಸುತ್ತದೆ, ಅಹಂಕಾರವನ್ನು ಕರಗಿಸುತ್ತದೆ, ಲೋಕವೆಲ್ಲ ಒಂದೇ ಕುಟುಂಬವೆಂಬ ಅರಿವನ್ನು ಮೂಡಿಸುತ್ತದೆ. ನನ್ನ ವಿಷಯದಲ್ಲಿ ಅದು ದೃಷ್ಟಿಯನ್ನು ಮೂಗಿನ ತುದಿಯಿಂದ ಒಂದು ಗೇಣಿನಷ್ಟು ದೂರಕ್ಕೆ ಇಳಿಸಿತು. ಅಹಂಕಾರ ಕರಗಲಿಲ್ಲ, ಕುರಿ ಕತ್ತರಿಯಿಂದ ಕತ್ತರಿಸಬೇಕಾಯಿತು. ಕುಟುಂಬದ ಮಾತಿಗೆ ಬಂದರೆ, ನನ್ನನ್ನು ಅಲ್ಲಿಗೆ ಕರೆಸಿಕೊಂಡದ್ದೇ ಕುಟುಂಬ.

ವಿದೇಶವೆಂದರೆ ಗಡಿಯಾಚೆಯ ಮರಾಠಿ ಸೀಮೆಯ ಉಮರಗಾ. ತಿಪಟೂರಿನವನಾದ ನನಗೆ ಇದಕ್ಕಿಂತ ದೂರದ ವಿದೇಶ ಈವರೆಗೆ ಒದಗಿ ಬಂದಿಲ್ಲ. ನಮ್ಮ ಬೀದಿಯಲ್ಲಿ ಸಿಂಗಪುರ ನೋಡಿ ಬಂದ ದಂಪತಿಗಳಿದ್ದಾರೆ. ಅವರು ವರ್ಣಿಸುವ ಲಕ್ಷಣಗಳೆಲ್ಲ ಇಲ್ಲಿಯೂ ಇದ್ದವು. ಗಡಿ ದಾಟುತ್ತಿದ್ದಂತೆ ಮೊಬೈಲು ಸ್ವಾಗತ ಕೋರಿತು. ಅಂಗಡಿಯ ಫಲಕಗಳ ಲಿಪಿ ಬದಲಾಯಿತು. ಬಸ್ಸುಗಳು ಕೆಂಪಾದವು, ಚಹದ ಬಟ್ಟಲು ಚಿಕ್ಕದಾಯಿತು. ಪಾಸ್‌ಪೋರ್ಟ್ ಮಾತ್ರ ಯಾರೂ ಕೇಳಲಿಲ್ಲ. ಕೇಳಿಬಿಟ್ಟರೆ ಇರಲಿ ಎಂದು ನಾನು ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದು ಕುಳಿತಿದ್ದೆ. ಪಕ್ಕದ ಸೀಟಿನವರು ಅದನ್ನು ಇಸಿದುಕೊಂಡು, ನನ್ನ ಫೋಟೋ ನೋಡಿ, ಅನುಕಂಪದಿಂದ ಹಿಂದಿರುಗಿಸಿದರು.

ನಾನು ಹೋದ ಕಾರಣವನ್ನು ಹೇಳಬೇಕು. ಅಂಚೆ ಇಲಾಖೆಯಲ್ಲಿ ಜೀವಮಾನವೆಲ್ಲ ಮುದ್ರೆ ಒತ್ತಿ ನಿವೃತ್ತನಾದ ದಿನ ಸಹೋದ್ಯೋಗಿಗಳು ನನಗೊಂದು ದುರ್ಬೀನು ಕೊಟ್ಟರು. ಸುಮ್ಮನೆ ಇಡುವುದು ಹೇಗೆಂದು ಅದನ್ನು ಮನೆಯ ಹಿಂದಿನ ತೆಂಗಿನ ಮರದ ಕಡೆ ತಿರುಗಿಸಿದೆ. ಹಕ್ಕಿ ಕಂಡಿತು. ಹೀಗೆ ನಾನು ಪಕ್ಷಿವೀಕ್ಷಕನಾದೆ. ನನ್ನ ಹೆಂಡತಿ ಈ ಸಂಗತಿಯನ್ನು ಉಮರಗಾದಲ್ಲಿರುವ ತನ್ನ ತಂಗಿ ಸರೋಜಳಿಗೆ ಫೋನಿನಲ್ಲಿ ದೂರಿನಂತೆ ಹೇಳಿದಳು. ಗಡಿ ದಾಟುವಷ್ಟರಲ್ಲಿ ಅದು ಬಿರುದಾಗಿತ್ತು. ಒಂದು ದಿನ ಸರೋಜಳ ಗಂಡ ಮಲ್ಲಿನಾಥ ಫೋನು ಮಾಡಿ, “ಸಾಡು, ನೀವು ಹಕ್ಕಿ ಡಾಕ್ಟರ್ ಆಗೀರಂತ. ಜಲ್ದಿ ಬರ್ರಿ, ನಮ್ಮ ಮನಿ ಮುಳಗ್ಲತ್ತಾದ” ಎಂದ. ಷಡ್ಡಕನನ್ನು ಅಲ್ಲಿ ಸಾಡು ಎನ್ನುತ್ತಾರೆ. ಇಲ್ಲವೆನ್ನಲು ನನಗೆ ಅವಕಾಶವಿತ್ತು. ಬಳಸಿಕೊಳ್ಳಲಿಲ್ಲ.

ಉಮರಗಾ

ಮಲ್ಲಿನಾಥನದು ಪೇಟೆಯಲ್ಲಿ ಹೆಸರಾದ ಕಾಳಿನ ಅಂಗಡಿ. ಜೋಳ, ತೊಗರಿ, ಸೋಯಾ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಮನೆಯಲ್ಲಿ ಈರುಳ್ಳಿ ಹೆಚ್ಚುವಾಗಲೂ ಒಂದು ಸಂಕೋಚ. ಊಟಕ್ಕೆ ಕೂತಾಗ ನಾಲ್ಕನೆಯ ರೊಟ್ಟಿಯನ್ನು ನಾನು ಕೈಯಡ್ಡ ಹಿಡಿದು ತಡೆದೆ. ನಮ್ಮ ಕಡೆ ಕೈಯಡ್ಡ ಹಿಡಿದರೆ ಸಾಕು ಎಂದರ್ಥ. ಅಲ್ಲಿ ಅದು ಮಾತುಕತೆಯ ಪ್ರಾರಂಭ. ಐದನೆಯ ರೊಟ್ಟಿಯ ಹೊತ್ತಿಗೆ ಅವನು ವಿಷಯಕ್ಕೆ ಬಂದ.

“ಮಾಲಿಗಿ ಹಕ್ಕಿ ಕಾಟ ಭಾಳ ಅದರಿ. ಅದಕ್ಕ ಬಲಿ ಕಟ್ಟಿಸೀನಿ. ಬಲ್ಯಾಗ ಹಕ್ಕಿ ಸಿಕ್ಕು ಸಾಯ್ಲತ್ತಾವ. ಅದು ನೋಡಿ ಅವ್ವ ಮನಿ ಬಿಟ್ಟು ನಿಲಂಗಾಕ್ಕ ಅಕ್ಕನ ಮನಿಗಿ ಹೋಗ್ಯಾಳ.”

“ಯಾವ ಮಾಲು?” ಎಂದೆ.

ಮಲ್ಲಿನಾಥ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನೀರ್ಯಾಗಿಂದು.”

ಅಡುಗೆಮನೆಯಿಂದ ಸರೋಜಳ ದನಿ ಬಂತು. “ಮೀನು ಭಾವ, ಮೀನು! ಸಾಕೋದಕ್ಕೆ ಆಗುತ್ತೆ, ಬಾಯಲ್ಲಿ ಅನ್ನೋದಕ್ಕೆ ಮಾತ್ರ ಇವರಿಗೆ ಮಡಿ.”

ದಾಳಿಂಬ ಎಂಬ ಹಳ್ಳಿಯಲ್ಲಿರುವ ತನ್ನ ಹೊಲದಲ್ಲಿ ತೊಗರಿಗೆ ನೀರುಣಿಸಲೆಂದು ಮಲ್ಲಿನಾಥ ಒಂದು ಹೊಂಡ ತೋಡಿಸಿ, ಕರಿ ಪ್ಲಾಸ್ಟಿಕ್ಕಿನ ಹಾಳೆ ಹಾಸಿದ್ದ. ನೀರು ಸುಮ್ಮನೆ ನಿಂತಿದೆಯಲ್ಲ ಎಂದು ಯಾರೋ ಸ್ನೇಹಿತರು ಮರಿ ಬಿಡಿಸಿದರು. ಅವು ಬೆಳೆದವು. ಸೋಲಾಪುರದ ಟೆಂಪೋ ಬಂದು ಒಯ್ಯುತ್ತದೆ, ಇವನು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇಷ್ಟರವರೆಗೆ ಧರ್ಮಕ್ಕೆ ಬಾಧೆ ಬಂದಿರಲಿಲ್ಲ. ಆದರೆ ಮಾಕಣಿಯ ಅಣೆಕಟ್ಟಿನ ಕಡೆಯಿಂದ ನೀರುಕಾಗೆಗಳೂ ಬೆಳ್ಳಕ್ಕಿಗಳೂ ಬಂದು ಮಾಲಿಗೆ ಬಾಯಿ ಹಾಕಿದವು. ಬಲೆ ಬಂತು. ಮೊದಲ ವಾರವೇ ಒಂದು ಬೆಳ್ಳಕ್ಕಿ ಅದರಲ್ಲಿ ಸಿಕ್ಕಿ, ರೆಕ್ಕೆ ಹರಡಿಕೊಂಡು ಸತ್ತಿತು.

“ಅವ್ವ ಪ್ರಾಯಶ್ಚಿತ್ತ ಮಾಡು ಅಂದ್ಳು,” ಎಂದ ಮಲ್ಲಿನಾಥ. “ನಮ್ಮ ದುಕಾನಿಂದು ಅಜ್ಜನ ಕಾಲದ ರಿವಾಜ್ ಅದ. ಮುಂಜಾನಿ ತಕ್ಕಡಿ ಮುಟ್ಟೋ ಮುಂಚೆ ಒಂದು ಸೇರು ಜ್ವಾಳ ಹಕ್ಕಿಗಿ. ಮಾಳಿಗಿ ಮ್ಯಾಲ ಚೆಲ್ತಿದ್ವಿ. ನಾ ಇಚಾರ ಮಾಡ್ದೆ. ಪಾಪ ಆಗಿದ್ದು ದಾಳಿಂಬದಾಗ. ಪುಣ್ಯಾ ಉಮರಗಾದಾಗ ಮಾಡಿದ್ರ ಅದಕ್ಕ ಇದು ಹ್ಯಾಂಗ ಮುಟ್ತದ? ಅದಕ್ಕ ಈಗ ಹೊಂಡದ ಬಾಜೂಕೇ ಚೆಲ್ತೀನಿ.”

ನ್ಯಾಯವಾದ ಮಾತೆಂದು ನನಗೆ ತೋರಿತು. ಹಾಗೆಂದು ಹೇಳಿಯೂ ಬಿಟ್ಟೆ.

ಆದರೂ ಸಾವು ನಿಲ್ಲಲಿಲ್ಲವಂತೆ. ಬೆಳ್ಳಕ್ಕಿಯ ಹಿಂದೆ ಬೆಳವ, ಗೊರವಂಕ, ಗುಬ್ಬಿ ಸಾಲಾಗಿ ಸಿಕ್ಕಿಬಿದ್ದವು. ಪಾಪ ಹೆಚ್ಚಿದಂತೆ ಮಲ್ಲಿನಾಥ ಜೋಳ ಹೆಚ್ಚಿಸಿದ. ಒಂದು ಬೆಳಗ್ಗೆ ಅವನ ತಾಯಿ ಕಾಶೀಬಾಯಿ ಹೊಲ ನೋಡಲು ಬಂದು, ಬಲೆಯಲ್ಲಿ ಇನ್ನೂ ಜೀವವಿದ್ದ ಬೆಳವ ಒದ್ದಾಡುವುದನ್ನು ಕಂಡು, ಅಲ್ಲಿಂದಲೇ ನಿಲಂಗಾದ ಬಸ್ಸು ಹತ್ತಿದ್ದರು. ಬೆಳವ ಮೀನು ತಿನ್ನುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಹಾಗಾದರೆ ಅದು ಅಲ್ಲಿಗೆ ಯಾಕೆ ಬಂತು ಎಂದು ಒಂದು ಗಳಿಗೆ ಕೇಳಿಕೊಂಡಿದ್ದರೆ ಈ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೇಳಿಕೊಳ್ಳಲಿಲ್ಲ. “ನೀರಿಗೆ ಬರುತ್ತವೆ,” ಎಂದು ತೀರ್ಪು ಕೊಟ್ಟು ಆರನೆಯ ರೊಟ್ಟಿಗೆ ಕೈ ಹಾಕಿದೆ.

ದಾಳಿಂಬ

ಮರುದಿನ ಬೆಳಗ್ಗೆ ಹೊಂಡದ ಪರಿಶೀಲನೆ. ಹಂಚಿಕೊಂಡು ಹೋಗುವ ಆಟೋದಲ್ಲಿ ನಾನು ಒಬ್ಬ ಗೃಹಸ್ಥರ ತೊಡೆಯ ಮೇಲೂ ಒಂದು ಸೋಯಾ ಚೀಲದ ಮೇಲೂ ಸಮನಾಗಿ ಕುಳಿತು ಪ್ರಯಾಣ ಮಾಡಿದೆ. ಗೃಹಸ್ಥರು ದುರ್ಬೀನು ನೋಡಿ, “ಪಾವಣ್ಯಾರು ಮೋಜಣಿ ಖಾತ್ಯಾದವ್ರೇನ್ರಿ?” ಎಂದರು. ಭೂಮಿ ಅಳೆಯಲು ಬಂದವನಲ್ಲ, ಹಕ್ಕಿ ನೋಡಲು ಬಂದವನೆಂದು ಮಲ್ಲಿನಾಥ ಹೇಳಿದ. ಅವರು ಬಹಳ ಹೊತ್ತು ಯೋಚಿಸಿ, “ಅವಕ್ಕೇನಾಗ್ಯಾದ?” ಎಂದು ಕೇಳಿದರು.

ಹೊಂಡದ ಕಾವಲಿಗೆ ಮಾಳಪ್ಪ ಎಂಬ ಕುರಿಗಾರ ಇದ್ದ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರಪ್ಪ ದೇವರ ಭಂಡಾರದ ಅರಿಸಿನ. ಅವನ ಕುರಿಗಳು ಒಡ್ಡಿನ ಆಚೆ ಮೇಯುತ್ತಿದ್ದವು. ಊರು ಸಾಸ್ತೂರ, ತೊಂಬತ್ತಮೂರರ ಭೂಕಂಪದಲ್ಲಿ ನೆಲಸಮವಾದದ್ದು. ಭೂಕಂಪದ ನಂತರ ಕಟ್ಟಿದ ಹೊಸ ಊರು ಹೇಗಿದೆ ಎಂದು ನಾನು ಪ್ರವಾಸಿಗನ ಗಾಂಭೀರ್ಯದಿಂದ ವಿಚಾರಿಸಿದೆ. “ಛಂದ ಅದರಿ. ಮನಿಗೋಳು ಸಾಲ್ಯಾಗ ಪ್ರಾರ್ಥನಾಕ್ಕ ನಿಂತಂಗ ನಿಂತಾವ. ಕುಡದು ಬಂದಾಂವಗ ತನ್ನ ಮನಿ ಯಾವ್ದು ಅಂತ ಗೊತ್ತಾಗಂಗಿಲ್ಲ, ಅಷ್ಟೇ ತಕ್ಲೀಫ್,” ಎಂದ.

“ಬಲೆ ಎಲ್ಲಿ?” ಎಂದು ನಾನು ದುರ್ಬೀನನ್ನು ಕಣ್ಣಿಗೆ ಹಚ್ಚಿದೆ.

“ನಿಮ್ಮ ಮಾರಿ ಮುಂದೇ ಅದರಿ,” ಎಂದ ಮಾಳಪ್ಪ.

ಇತ್ತು. ಕೂದಲಿನಷ್ಟು ತೆಳ್ಳಗಿನ ನೈಲಾನಿನ ಎಳೆ. ಹೊಂಡದ ಮೇಲೆಲ್ಲ ಹರಡಿ, ಅಂಚು ಸಡಿಲಾಗಿ ಒಡ್ಡಿನ ಮೇಲೆ ಜೋತುಬಿದ್ದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ ಮಾತ್ರ ಜೇಡನ ನೂಲಿನಂತೆ ಅಲ್ಲಲ್ಲಿ ಮಿಂಚುತ್ತಿತ್ತು. ಕಣ್ಣಿಗೆ ಕಾಣದಷ್ಟು ನಯವಾದ ಬಲೆಯನ್ನು ತಂದದ್ದಕ್ಕಾಗಿ ನಾನು ಮಲ್ಲಿನಾಥನನ್ನು ಅಭಿನಂದಿಸಿದೆ.

ಆಮೇಲೆ ಜೋಳದ ಚೀಲ ಬಂತು. ಪಾವಣ್ಯಾರ ಕೈಯಿಂದ, ಅಂದರೆ ಅತಿಥಿಯ ಕೈಯಿಂದ, ಆಗಲಿ ಎಂದರು. ಇಂಥ ಗೌರವಗಳನ್ನು ನಿರಾಕರಿಸುವ ಅಭ್ಯಾಸ ನನಗಿಲ್ಲ. ಚಪ್ಪಲಿ ಬಿಟ್ಟು, ಪೂರ್ವಕ್ಕೆ ಮುಖ ಮಾಡಿ, ಬೊಗಸೆ ತುಂಬ ಜೋಳ ಎತ್ತಿ ಒಡ್ಡಿನ ಅಂಚಿನುದ್ದಕ್ಕೂ ಚೆಲ್ಲಿದೆ. ಚೆಲುವಾಗಿಯೇ ಚೆಲ್ಲಿದೆ. ಮಾಳಪ್ಪ ನನ್ನನ್ನೂ ಮಲ್ಲಿನಾಥನನ್ನೂ ಒಂದು ಬಗೆಯಾಗಿ ನೋಡಿ, ತಂಬಾಕು ತಿಕ್ಕತೊಡಗಿದ.

ನಿಲಂಗಾ

ಕಾಶೀಬಾಯಿ ಮಗಳ ಮನೆಯ ಪಡಸಾಲೆಯಲ್ಲಿ ತೊಗರಿ ಕೇರುತ್ತ ಕುಳಿತಿದ್ದರು. ಮೊರ ನಿಲ್ಲಿಸಲಿಲ್ಲ.

“ಬರ್ರಿ ಡಾಕ್ಟರ. ಸೊಸಿ ಫೋನ್ ಮಾಡಿದ್ಳು. ಸತ್ತ ಹಕ್ಕಿ ಎಬ್ಬಸ್ತೀರೇನು?”

“ಇನ್ನು ಮುಂದೆ ಸಾಯದ ಹಾಗೆ ನೋಡಿಕೊಳ್ಳುತ್ತೇನೆ ಅಮ್ಮ.”

“ನಿಮ್ಮ ಕಡಿ ಮಂದಿ ಮಾತು ಛಂದ ಆಡ್ತಾರ.”

ಮಲ್ಲಿನಾಥ ಅವರ ಮುಂದೆ ನೆಲದ ಮೇಲೆ ಕೂತ. ಪೇಟೆಯಲ್ಲಿ ಗುಮಾಸ್ತರನ್ನು ನಡುಗಿಸುವ ಮನುಷ್ಯ. “ಅವ್ವ, ಮನಿಗಿ ನಡಿ. ನೀ ಇಲ್ದ ಮನಿ ಮನಿ ಆಗಿಲ್ಲ.”

“ನಾ ಎಲ್ಲಿ ಮನಿ ಬಿಟ್ಟೀನಪ? ನಿನ್ನ ಅನ್ನ ಬಿಟ್ಟೀನಿ. ಕೊಳ್ಳಾಗ ಲಿಂಗ, ಕೈಯಾಗ ಉರ್ಲು. ಅಂಥವ್ನ ಮನ್ಯಾಗ ನಂಗ ತುತ್ತು ಇಳಿಯಂಗಿಲ್ಲ.” ಮೊರ ಎರಡು ಸಲ ಎದ್ದು ಇಳಿಯಿತು. “ಮೊನ್ನಿ ದಾಳಿಂಬದ ಹೆಣ್ಮಗಳು ಬಸ್‌ಸ್ಟ್ಯಾಂಡಿನಾಗ ಕೇಳ್ತಾಳ, ಕಾಕೂ, ನಿಮ್ಮ ಮಗಾ ಬೆಳವಾ ಹಿಡಿಲತ್ಯಾನಂತ ಖರೇನಾ ಅಂತ. ಭೂಮಿ ಬಿರೀಬಾರದಾ ಅನ್ನಿಸ್ತು. ಬಿರಿದಾಗೂ ನಂಗ ಹಂಗ ಅನ್ನಿಸಿದ್ದಿಲ್ಲ.”

ಊರವರ ಹೊಟ್ಟೆಕಿಚ್ಚು ಎಂದು ಮಲ್ಲಿನಾಥ ಹಲ್ಲು ಕಡಿದ. ನಾನೂ ತಲೆಯಾಡಿಸಿದೆ. ಆಮೇಲೆ ಎದ್ದು ನಿಂತು ಒಂದು ಸಣ್ಣ ಭಾಷಣ ಮಾಡಿದೆ. ಹೊಂಡವನ್ನು ಈ ಬೆಳಗ್ಗೆ ಸ್ವತಃ ಪರೀಕ್ಷಿಸಿದ್ದೇನೆ, ರೋಗ ಗೊತ್ತಾಗಿದೆ, ನನ್ನ ಕೈಯಾರೆ ಪುಣ್ಯಕಾರ್ಯವೂ ಆಗಿದೆ, ಇಂದಿನಿಂದ ಒಂದು ಹಕ್ಕಿಯೂ...

ಮಲ್ಲಿನಾಥನ ಫೋನು ಬಡಿಯಿತು. ಅವನು ಸ್ಪೀಕರಿನಲ್ಲೇ ಮಾತಾಡುವ ಮನುಷ್ಯ, ಆ ಸೀಮೆಯವರೆಲ್ಲ ಹಾಗೇ. ಮಾಳಪ್ಪನ ದನಿ ಪಡಸಾಲೆಯ ತುಂಬ ಹರಡಿತು. “ಸಾವಕಾರ್ರ, ಎರಡು ಬೆಳವಾ ಸಿಕ್ಕಾವರಿ. ಪಾವಣ್ಯಾರ ಕೈಗುಣ ಛಲೋ ಅದ.”

ಮೊರ ನಿಂತಿತು. ನಾನು ಕುಳಿತೆ.

“ಬರೋ ಸ್ವಾಮವಾರ ತನಾ ನೋಡ್ತೀನಿ,” ಎಂದರು ಕಾಶೀಬಾಯಿ. “ನಾ ಬಂದು ಆ ಒಡ್ಡಿನ ಮ್ಯಾಲ ಮುಂಜಾನಿಂದ ಸಂಜಿ ತನಾ ಕೂಡ್ತೀನಿ. ಒಂದು ಹಕ್ಕಿ ತೂಗಾಡ್ತು ಅಂದ್ರ ಅಲ್ಲಿಂದಲೇ ಮಠಕ್ಕ ಹೋಗ್ತೀನಿ. ದಾಸೋಹದಾಗ ಉಂಡ್ಕೊಂಡು ಅಲ್ಲೇ ಇರ್ತೀನಿ. ಮಗಳ ಮನ್ಯಾಗರೆ ಎಷ್ಟು ದಿನ ಕೂಡೂದು?”

ಅದು ಬೆದರಿಕೆಯ ದನಿಯಾಗಿರಲಿಲ್ಲ. ಹೊರಗೆ ಬಂದ ಮೇಲೆ ಮಲ್ಲಿನಾಥ ಚಪ್ಪಲಿ ಮೆಟ್ಟಿಕೊಂಡ. ಆಮೇಲೆ, “ಅಂಗಡಿ ಸಾವಕಾರನ ಅವ್ವ ಮಠದಾಗ ಉಣ್ತಾಳ ಅಂದ್ರ ಮಂದಿ ನಗ್ತಾರ, ನಗಲಿ. ಆಕಿ ಕೈಯಿಂದ ತಕ್ಕಡಿ ಪೂಜಾ ಆಗ್ದ ನಾ ಒಂದು ದಿನಾನೂ ದುಕಾನ್ ತೆರದಿದ್ದಿಲ್ರಿ ಸಾಡು,” ಎಂದ. ಅವನ ಕಣ್ಣು ತುಂಬಿತ್ತು. ನಾನು ದುರ್ಬೀನಿನ ಗಾಜು ಒರೆಸಿದೆ.

ಉದಗೀರ

ಚಿಕಿತ್ಸೆಯ ಸಾಮಾನಿಗಾಗಿ ಉದಗೀರಕ್ಕೆ ಹೋದೆವು. ಕೋಟೆ ಇದೆ, ಚೆನ್ನಾಗಿದೆ ಎಂದು ಕೇಳಿದ್ದೇನೆ. ನಾನು ನೋಡಿದ್ದು ಬಲೆಯ ಅಂಗಡಿ.

ಅಂಗಡಿಯ ಚಾಚಾ ಬಿಳಿ ಗಡ್ಡದವರು, ತಲೆಯ ಮೇಲೆ ಜಾಳಿಗೆಯ ಟೋಪಿ. ಅಂಚೆ ಇಲಾಖೆಯ ತರಬೇತಿಯಲ್ಲಿ ಕಲಿತ ಹಿಂದಿಯನ್ನು ನಾನು ಅವರ ಮುಂದೆ ಸಾದರಪಡಿಸಿದೆ. ಅವರು ಕೊನೆಯವರೆಗೂ ವಿನಯದಿಂದ ಕೇಳಿ, “ಕನ್ನಡದಾಗ ಹೇಳ್ರಿ ಸಾಹೇಬ್ರ, ಇಬ್ಬರಿಗೂ ಆರಾಮ ಆಗ್ತದ,” ಎಂದರು.

ಹಕ್ಕಿ ಸಾಯುವ ಕಥೆ ಕೇಳಿ ಅವರು ಒಳಗಿನಿಂದ ದಪ್ಪ ಕರಿ ಹುರಿಯ ಬಲೆಯೊಂದನ್ನು ಎಳೆದು ತಂದರು. ಬೆರಳು ತೂರದಷ್ಟು ಚಿಕ್ಕ ಕಣ್ಣು. “ಇದು ಒಯ್ರಿ. ಹಕ್ಕಿಗಿ ದೂರಿಂದೇ ಕಾಣ್ತದ. ಕಂಬಕ್ಕ ಬಿಗಿ ಎಳದು ಕಟ್ಟಿದ್ರ ಮ್ಯಾಲ ಕೂತ್ರೂ ಕಾಲು ಸಿಗಂಗಿಲ್ಲ.”

“ಹಕ್ಕಿಗೆ ಕಾಣುವ ಬಲೆಯಿಂದ ಏನು ಪ್ರಯೋಜನ?” ಎಂದೆ ನಾನು. ಈ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಆದರೆ ಮಲ್ಲಿನಾಥ ಈಗಲೂ ಮದುವೆ ಮುಂಜಿಗಳಲ್ಲಿ ಅದನ್ನು ನನ್ನ ದನಿಯಲ್ಲೇ ಹೇಳಿ ತೋರಿಸುವುದರಿಂದ ಮುಚ್ಚಿಡುವ ಮಾತು ಉಳಿದಿಲ್ಲ.

ಹಕ್ಕಿಯನ್ನು ತಡೆಯುವುದಲ್ಲ, ಅಂಜಿಸುವುದು ನನ್ನ ಸಿದ್ಧಾಂತವಾಗಿತ್ತು. ಆದ್ದರಿಂದ ಮುಂದಿನ ಬೀದಿಯಲ್ಲಿ ಮದುವೆ ಚಪ್ಪರಕ್ಕೆ ಕಟ್ಟುವ ಮಿರುಗುವ ಪಟ್ಟಿಗಳನ್ನೂ ಆಟಿಕೆಯ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಹದ್ದನ್ನೂ ಆರಿಸಿದೆ. ಹದ್ದಿನ ಹೊಟ್ಟೆ ಒತ್ತಿದರೆ ಅದು ಒಂದು ಮರಾಠಿ ಜೋಗುಳದ ಧಾಟಿ ನುಡಿಸುತ್ತಿತ್ತು. ಆ ಭಾಗವನ್ನು ಒತ್ತದಿದ್ದರಾಯಿತು ಎಂದು ಮಲ್ಲಿನಾಥನಿಗೆ ಧೈರ್ಯ ಹೇಳಿದೆ.

ಮತ್ತೆ ದಾಳಿಂಬ

ಮರುದಿನ ಮುಂಜಾನೆ ಮಲ್ಲಿನಾಥ ಎಂದಿಗಿಂತ ಹೆಚ್ಚು ಜೋಳ ಚೆಲ್ಲಿದ. ಸೋಮವಾರ ಹತ್ತಿರ ಬರುತ್ತಿತ್ತು. ನಾನು ಹದ್ದನ್ನು ಕಂಬದ ತುದಿಗೆ ಕಟ್ಟಿಸಿ, ಹಿಂದೆ ಸರಿದು, ಫಲಿತಾಂಶಕ್ಕಾಗಿ ಕಾದೆ. ಒಂದು ಗೊರವಂಕ ಬಂದು ಅದರ ನೆತ್ತಿಯ ಮೇಲೆ ಕುಳಿತು, ಸುತ್ತ ನೋಡಿ, ತನ್ನ ಬೆನ್ನು ಕೊಕ್ಕಿನಿಂದ ಸವರಿಕೊಂಡಿತು.

“ದೋಸ್ತಿ ಆಯ್ತು ನೋಡ್ರಿ,” ಎಂದ ಮಾಳಪ್ಪ.

ಪಟ್ಟಿಗಳನ್ನಾದರೂ ಸರಿಯಾಗಿ ಕಟ್ಟೋಣವೆಂದು ನಾನೇ ಇಳಿದೆ. ಒಡ್ಡಿನ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಹಾಳೆಯ ಅಂಚಿದೆ ಎಂಬುದನ್ನು ನನಗೆ ಹೇಳಿದ್ದರು. ಹೊಸ ಚಪ್ಪಲಿಗೆ ಹೇಳಿರಲಿಲ್ಲ. ಕಾಲು ಜಾರಿತು. ಕೈ ಚಾಚಿದೆ. ಗಾಳಿಯಲ್ಲಿ ಏನೂ ಇರಲಿಲ್ಲ, ಆ ಏನೂ ಇಲ್ಲದ್ದು ನನ್ನ ಬೆರಳುಗಳನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಇನ್ನೊಂದು ಕೈ ತಂದೆ, ಅದನ್ನೂ ಹಿಡಿಯಿತು. ಅಂಗಿಯ ಗುಂಡಿ, ಕನ್ನಡಕದ ಕಡ್ಡಿ, ದುರ್ಬೀನಿನ ಪಟ್ಟಿ ಒಂದೊಂದಾಗಿ ಸಿಕ್ಕಿಕೊಂಡವು. ಒದ್ದಾಡಿದಷ್ಟೂ ಸಡಿಲ ಬಲೆ ಸುತ್ತಿಕೊಂಡಿತು. ಕೊನೆಗೆ ಮುಖ ಕೆಳಗಾಗಿ, ಎರಡೂ ತೋಳು ಹರಡಿ, ಮೊದಲ ವಾರ ಆ ಬೆಳ್ಳಕ್ಕಿ ಇದ್ದ ಭಂಗಿಯಲ್ಲಿಯೇ ನಾನು ಒಡ್ಡಿನ ಮೇಲೆ ನೆಲೆಗೊಂಡೆ. ಕಂಬ ಅಲ್ಲಾಡಿ, ಎಲ್ಲೋ ಮೇಲೆ ಹದ್ದು ಜೋಗುಳ ಹಾಡತೊಡಗಿತು.

ಮಾಳಪ್ಪ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದು ಬಂದು ನನ್ನ ಬೆನ್ನಿನ ಮೇಲೆ ಮೊಣಕಾಲೂರಿದ. “ಅಲ್ಲಾಡಬ್ಯಾಡ್ರಿ. ಕುರಿ ಹಂಗ ಸುಮ್ಮ ಮಲಕ್ಕೋರಿ. ಕಿವಿ ಅದ ಇಲ್ಲಿ.”

ಸುಮ್ಮನೆ ಮಲಗಿದೆ. ಬೇರೆ ಕೆಲಸವಿಲ್ಲದ್ದರಿಂದ ಕಣ್ಣು ಬಿಟ್ಟೆ. ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ, ಬಲೆಯ ಅಂಚಿನ ಕೆಳಗೆ, ಜೋಳ. ಬೆಳ್ಳಗೆ, ದಪ್ಪಗೆ, ತೂರಿ ಕೇರಿ ಹಸನು ಮಾಡಿದ ಜೋಳ. ಅದರ ನಡುವೆ ಒಂದು ಬೂದು ಬಣ್ಣದ ಬೆಳವದ ಗರಿ.

“ಮಲ್ಲಿನಾಥ,” ಎಂದೆ, ನೆಲಕ್ಕೆ. “ದಿನಾ ಜೋಳ ಎಲ್ಲಿ ಚೆಲ್ಲುತ್ತೀಯ?”

“ಅಲ್ಲೇ ಸಾಡು. ನಿಮ್ಮ ಮಾರಿ ಅದ ಅಲ್ಲ, ಬರಾಬರ್ ಅಲ್ಲೇ.”

“ಮೇಲೆ ಬಲೆ ಹರಡಿ, ಕೆಳಗೆ ಕಾಳು ಚೆಲ್ಲಿದರೆ ಅದಕ್ಕೆ ಏನನ್ನುತ್ತಾರೆ?”

ಕತ್ತರಿ ಕಚ್ ಕಚ್ ಎಂದು ಎರಡು ಎಳೆ ಕತ್ತರಿಸಿತು.

“ಬ್ಯಾಟಿ ಅಂತಾರ್ರಿ,” ಎಂದ ಮಾಳಪ್ಪ.

ಮನುಷ್ಯ ಹಕ್ಕಿ ಹಿಡಿಯಲು ಕಂಡುಹಿಡಿದ ಅತ್ಯಂತ ಹಳೆಯ ಉಪಾಯವನ್ನು, ಈರುಳ್ಳಿಗೂ ಅಂಜುವ ಒಬ್ಬ ಕಾಳಿನ ವ್ಯಾಪಾರಿ, ಸ್ವಂತ ಖರ್ಚಿನಲ್ಲಿ, ಪುಣ್ಯಕ್ಕಾಗಿ ಹೊಸದಾಗಿ ಕಂಡುಹಿಡಿದಿದ್ದ. ಅಂಚೆ ಇಲಾಖೆಯ ನಿವೃತ್ತ ಪರಿಣತನೊಬ್ಬ ಪರದೇಶದಿಂದ ಬಂದು, ಪೂರ್ವಕ್ಕೆ ಮುಖ ಮಾಡಿ, ಅದನ್ನು ನಡೆಸಿಕೊಟ್ಟಿದ್ದ.

“ನಿಂಗ ಗೊತ್ತಿತ್ತೇನೋ?” ಮಲ್ಲಿನಾಥನ ದನಿ ಒಡೆದಿತ್ತು.

“ಗೊತ್ತಿಲ್ದೇನ್ರಿ? ಸಾವಕಾರ್ರು ಬ್ಯಾಟಿ ಆಡ್ಲತ್ಯಾರ ಅಂತ ಊರಿಗೆಲ್ಲ ಗೊತ್ತದ. ದೊಡ್ಡವ್ರ ಮನಿ, ತಿಂತಾರೋ ಮಾರ್ತಾರೋ, ನಾ ಯಾಕ ಕೇಳ್ಲಿ? ಸತ್ತಿದ್ದು ಎಲ್ಲಾ ಹುಗಸು ಅಂತೀರಿ. ಇನ್ನೂ ರುಚಿ ಹತ್ತಿಲ್ಲೇನೋ ಅನ್ಕೊಂಡೆ.”

ಮಲ್ಲಿನಾಥ ಒಡ್ಡಿನ ಮೇಲೆ ಕುಸಿದು ಕುಳಿತ. “ಬೆಳ್ಳಕ್ಕಿ ಒಂದಕ್ಕ ಬಲಿ ಕೊಂದಿತ್ತು,” ಎಂದ. “ಉಳದಿದ್ದೆಲ್ಲ ನಾ ಕರದು ಕೂಡ್ಸಿ ಕೊಂದೀನಿ. ಉಣ್ರಿ ಬರ್ರಿ ಅಂತ ಕರದು.” ಆಗ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಪುಣ್ಯಕ್ಕೆ ನನ್ನ ಮುಖ ಇನ್ನೂ ಜೋಳದಲ್ಲೇ ಇತ್ತು.

ಅದೇ ದಿನ ಅವನು ಒಬ್ಬನೇ ಉದಗೀರಕ್ಕೆ ಹೋಗಿ ಬಂದ. ಚಾಚಾ ದಪ್ಪ ಹುರಿಯ ಬಲೆಯನ್ನು ಕಟ್ಟಿಕೊಟ್ಟು, ಅಂಜಿಸುವ ಸಾಹೇಬರ ಆರೋಗ್ಯ ವಿಚಾರಿಸಿದರಂತೆ. ಮಾಳಪ್ಪ ಹಳೆಯ ಬಲೆಯನ್ನು ಕತ್ತರಿಯಿಂದ ತುಂಡು ತುಂಡು ಮಾಡಿದ. ನನ್ನನ್ನು ಬಿಡಿಸುವಾಗ ಅರ್ಧ ಕೆಲಸ ಆಗಿಹೋಗಿತ್ತು. ಹೊಸ ಬಲೆ ಹೊಂಡದ ಮುಕ್ಕಾಲು ಭಾಗಕ್ಕೆ ಮಾತ್ರ ಸಾಕಾಯಿತು. ಕಂಬಗಳಿಗೆ ಬಿಗಿಯಾಗಿ ಎಳೆದು ಕಟ್ಟಿದೆವು. ಬಡಿದರೆ ತಮಟೆಯಂತೆ ಅದುರುತ್ತಿತ್ತು. ಒಡ್ಡಿನ ಜೋಳವನ್ನು ಕಾಳು ಕಾಳು ಆರಿಸಿ ತೆಗೆಯುವ ಕೆಲಸಕ್ಕೆ, ಆ ಮಟ್ಟದಲ್ಲಿ ನೋಡಿದ ಅನುಭವವುಳ್ಳವನೆಂದು, ನನ್ನನ್ನು ನೇಮಿಸಿದರು.

ಸೋಮವಾರ

ಕಾಶೀಬಾಯಿ ಮಗಳ ಮನೆಯ ಬುತ್ತಿ ಕಟ್ಟಿಕೊಂಡು ಬಂದರು. ಲಿಂಗಪೂಜೆ ಮುಗಿಸಿ, ಕೊಡೆ ಬಿಚ್ಚಿ, ಒಡ್ಡಿನ ಮೇಲೆ ಕುಳಿತರು. ನಡೆದದ್ದನ್ನೆಲ್ಲ ಮಲ್ಲಿನಾಥ ಮೊದಲೇ ಹೇಳಿಕೊಂಡಿದ್ದ. ಅವರು ನನ್ನ ಕೆನ್ನೆಯ ಮೇಲಿನ ಬಲೆಯ ಗೆರೆಗಳನ್ನು ನೋಡಿದರು. ಸೆರಗು ಬಾಯಿಗೆ ಹೋಯಿತು.

ಬಿಸಿಲೇರಿದ ಮೇಲೆ ಒಂದು ಬೆಳ್ಳಕ್ಕಿ ಬಂತು. ಬಲೆಯ ಮೇಲೆ ಇಳಿಯಿತು. ಮಲ್ಲಿನಾಥ ಉಸಿರು ಬಿಡಲಿಲ್ಲ. ಅದು ಎತ್ತರದ ಹೆಜ್ಜೆಯಿಟ್ಟು ತುದಿಯಿಂದ ತುದಿಗೆ ನಡೆದು, ಕೆಳಗಿನ ಮೀನುಗಳನ್ನು ಒಂದೊಂದಾಗಿ ನೋಡಿ, ಬೇಸರದಿಂದ ಹಾರಿಹೋಯಿತು. ಆಮೇಲೆ ಒಂದು ನೀರುಕಾಗೆ, ಬಲೆ ಸಾಲದೆ ಬಿಟ್ಟಿದ್ದ ಮೂಲೆಯಲ್ಲಿ ಮುಳುಗಿ, ಸಾಕಷ್ಟು ದೊಡ್ಡದೊಂದು ಮಾಲನ್ನು ಕಚ್ಚಿಕೊಂಡು ಎದ್ದಿತು. ಮಲ್ಲಿನಾಥ ತಟ್ಟನೆ ಎದ್ದು ನಿಂತ.

“ಕೂಡು,” ಎಂದರು ಕಾಶೀಬಾಯಿ. “ಅದು ಉಣ್ಲಿ. ಕಾಳು ಹಾಕ್ದಾಂವಗ ಮೀನು ಹಾಕೂದು ಬರಂಗಿಲ್ಲೇನು?”

ಮೀನು ಎಂಬ ಮಾತನ್ನು, ಸರೋಜಳನ್ನು ಬಿಟ್ಟರೆ, ಆ ಮನೆತನದವರ ಬಾಯಲ್ಲಿ ನಾನು ಮೊದಲು ಕೇಳಿದ್ದು ಆಗ. ಮಲ್ಲಿನಾಥ ಕುಳಿತ.

ಸಂಜೆಯವರೆಗೆ ಯಾವ ಹಕ್ಕಿಯೂ ಸಿಕ್ಕಿಬೀಳಲಿಲ್ಲ. ಕಾಶೀಬಾಯಿ ಉಮರಗಾಕ್ಕೆ ಬಂದು ಮಗನ ಮನೆಯಲ್ಲಿ ಊಟ ಮಾಡಿದರು. ಜೋಳವನ್ನು ಈಗ ಅಂಗಡಿಯ ಮಾಳಿಗೆಯ ಮೇಲೆ ಚೆಲ್ಲುತ್ತಾರೆ. ಹೊಂಡದ ಒಂದು ಮೂಲೆಗೆ ಬಲೆಯಿಲ್ಲ, ಅಲ್ಲಿ ನೀರುಕಾಗೆಗಳು ಬಂದು ಮೀನು ತಿನ್ನುತ್ತವೆ.